ಹಳೇ ಬಂಗಾರದ ಗಣಿ ಹತ್ರದ ಬೋರಿನ ನೀರು, ಅಂಗೈ ತುಂಬಾ ಗಂಟು: ಎರಡಕ್ಕೂ ಸಂಬಂಧ ಅದ ಏನ್ರಿ?

ಸುರಪುರ_ಹುಡುಗ

ಎಲ್ಲಾರಿಗೂ ನಮಸ್ಕಾರ ರೀ. ನಮ್ದು ಯಾದಗಿರಿ ಜಿಲ್ಲಾ ಸುರಪುರ ತಾಲೂಕ, ಮಂಗಳೂರು ಅಂತ ಊರದ ಅದ್ರ ಆಜುಬಾಜು (ಸಮುದ್ರದ ಮಂಗಳೂರು ಅಲ್ರಿ, ನಮ್ ಕಡಿನೂ ಒಂದು ಅದ). ಹಿಂದ ಇಲ್ಲಿ ಬಂಗಾರದ ಗಣಿ ಇತ್ತು, ಈಗ ಬಂದ್ ಆಗಿ ಎಷ್ಟೋ ವರ್ಷ ಆಯ್ತು, ಅದ್ರ ಪುಡಿ ಮಣ್ಣು ಮಾತ್ರ ಅಲ್ಲೇ ಬಿದ್ದದ, ಹುಡುಗ್ರು ಅದ್ರ ಮ್ಯಾಲೇ ಆಡ್ತಾವ.

ವಿಷಯ ಏನಂದ್ರ ನಮ್ ಕಾಕಾಗ ಅಂಗೈ ಅಂಗಾಲಿನಾಗ ಜೋಳದ ಕಾಳಿನಂಥ ಗಟ್ಟಿ ಗಂಟು ಎದ್ದಾವ, ಎದಿ ಬೆನ್ನಿನ ಮ್ಯಾಲೆ ಕರೀ ಚುಕ್ಕಿ, ನಡುನಡುವೆ ಬಿಳೀ ಚುಕ್ಕಿ. ಊರ ಡಾಕ್ಟ್ರು ಹೊಲದ ಕೆಲ್ಸ ಮಾಡೋರಿಗೆ ಹಿಂಗ ಆಗ್ತದ ಅಂದು ಮುಲಾಮು ಕೊಟ್ಟ್ರು. ಆದ್ರ ಕಾಕಿ ಹೊಲಕ್ಕ ಹೋಗೋದೇ ಕಮ್ಮಿ, ಆಕಿಗೂ ಈಗ ಶುರು ಆಗ್ಯದ, ಹಿಂಗಾಗಿ ನಂಗ ಡೌಟ್ ಬಂತು. ಮನಿ ಮಂದಿ ಎಲ್ಲಾ ಒಂದೇ ಬೋರಿನ ನೀರು ಕುಡಿಯೋದು. ಫಿಲ್ಟರ್ ಮಾರೋನು ಒಬ್ಬ ಬಂದು ಟಿಡಿಎಸ್ ಮೀಟರ್ ಅದ್ದಿ 420 ಅದ, ನೀರು ಭಾರಿ ಛಲೋ ಅದ ಅಂದು ಹೋದ. ಊರಾಗ ಕೆಲವ್ರು ಗಣಿ ಸೈನೈಡ್ ನೀರಿಗೆ ಇಳದದ ಅಂತಾರ. ಸೈನೈಡ್ ಇದ್ರ ಇಷ್ಟೊತ್ತಿಗೆ ಎಲ್ಲಾರೂ ಸತ್ತೇ ಹೋಗಿರ್ತಿದ್ವಿ ಅಲ್ಲೇನ್ರಿ? ಕುದಿಸಿ ಕುಡುದ್ರ ನಡೀತದೋ? ಯಾವ ಟೆಸ್ಟ್ ಮಾಡಸ್ಬೇಕು, ಎಲ್ಲಿ? ಮನ್ಯಾಗ ಸಣ್ ಹುಡುಗ್ರು ಅವ, ಗೊತ್ತಿದ್ದೋರು ಹೇಳ್ರಿ.

ಮಾರಿಕುಪ್ಪಂ_ಲೋಕಲ್

ಬ್ರದರ್ ನಮ್ದು ಕೆಜಿಎಫ್, ಅಪ್ಪ ಚಾಂಪಿಯನ್ ರೀಫ್‌ನಲ್ಲಿ ಅಂಡರ್‌ಗ್ರೌಂಡ್ ಕೆಲ್ಸ ಮಾಡಿದ್ದವ್ರು. ಸೈನೈಡ್ ಅಂದ್ರೆ ಹೊರಗಿನವ್ರಿಗೆಲ್ಲ ಸಿನಿಮಾ ಥರ, ಬಾಯಿಗೆ ಇಟ್ಟ ತಕ್ಷಣ ಢಮಾರ್ ಅಂತ. ನಮ್ಮೂರಲ್ಲಿ ಸೈನೈಡ್ ದಿಬ್ಬಗಳೇ ಗುಡ್ಡ ಥರ ನಿಂತಿವೆ, 13 ದಿಬ್ಬ, ಒಟ್ಟು 3.3 ಕೋಟಿ ಟನ್ ಅಂತ ಲೆಕ್ಕ. ಅದಿರನ್ನ ನುಣ್ಣಗೆ ಅರೆದು ಸೈನೈಡ್ ನೀರಲ್ಲಿ ಚಿನ್ನ ಕರಗಿಸಿ ತಗೊಂಡು ಉಳಿದದ್ದನ್ನ ಹಾಕಿದ್ದು, ಅದಕ್ಕೇ ಆ ಹೆಸರು. ಆದ್ರೆ ಬಿಡಿ ಸೈನೈಡ್ ಬಿಸಿಲು ಗಾಳಿಗೆ ಒಡೆದು ಹೋಗುತ್ತೆ, ಕಬ್ಬಿಣದ ಜೊತೆ ಗಟ್ಟಿಯಾಗಿ ಕಟ್ಕೊಂಡಿರೋದು ಮಾತ್ರ ತುಂಬಾ ದಿನ ಉಳಿಯುತ್ತೆ. ನಿಮ್ಮ ಕಡೆ ಅಷ್ಟು ವರ್ಷದ ಹಿಂದೆ ಮುಚ್ಚಿದ ಗಣಿ ಅಂದ್ರೆ ನಾನಾದ್ರೆ ಸೈನೈಡ್ ಮೇಲೆ ಮೊದಲ ಡೌಟ್ ಪಡಲ್ಲ.

ನಮ್ಗೆ ತೊಂದ್ರೆ ಕೊಟ್ಟಿದ್ದು ಧೂಳು. ಬೇಸಿಗೆ ಗಾಳಿ ಎದ್ರೆ ದಿಬ್ಬದಿಂದ ಬಿಳೀ ಪುಡಿ ಮನೆ ಒಳಗೆ, ಅನ್ನದ ತಟ್ಟೆ ಮೇಲೆ, ಒಣಹಾಕಿದ ಬಟ್ಟೆ ಮೇಲೆ. ಅಂಡರ್‌ಗ್ರೌಂಡ್ ಕೆಲ್ಸ ಮಾಡ್ದವ್ರಿಗೆ ಸಿಲಿಕೋಸಿಸ್ ಬೇರೆ, ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತ್ಕೊಳ್ಳೋದು. ಕಂಪನಿ 2001 ಫೆಬ್ರವರಿ 28ಕ್ಕೆ ಬಾಗಿಲು ಹಾಕ್ತು, ದಿಬ್ಬ ಮಾತ್ರ ಎಲ್ಲೂ ಹೋಗ್ಲಿಲ್ಲ. 2024 ಜೂನ್‌ನಲ್ಲಿ ಆ 13 ದಿಬ್ಬದಿಂದ ಮತ್ತೆ ಚಿನ್ನ ತೆಗೆಯೋ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಕ್ಯಾಬಿನೆಟ್ ಓಕೆ ಅಂತು, ಚಿನ್ನ ಎಷ್ಟು ಸಿಗುತ್ತೆ ಅಂತ ಎಲ್ಲರೂ ಮಾತಾಡಿದ್ರು, ಅಷ್ಟು ಮಣ್ಣು ಕೆದಕಿದ್ರೆ ಏಳೋ ಧೂಳು ಯಾರ ಮನೆಗೆ ಅಂತ ಕೇಳಿದವ್ರು ಕಮ್ಮಿ.

ನಿಮ್ಮ ಕಾಕಾ ಅವರದ್ದು ಬೇರೆ ಥರ ಕಾಣ್ತಿದೆ, ನೀರಿನ ವಿಷಯ ಗೊತ್ತಿರೋರು ಹೇಳ್ಲಿ.

ನೀರು_ಲ್ಯಾಬ್

ಸುರಪುರ ತಾಲೂಕು, ಹಳೇ ಚಿನ್ನದ ಗಣಿ, ಅಂಗೈಯಲ್ಲಿ ಗಂಟು, ಎದೆ ಮೇಲೆ ಕಪ್ಪು ಬಿಳಿ ಚುಕ್ಕಿ: ಇಷ್ಟು ಓದಿದ ತಕ್ಷಣ ನಂಗೆ ಬಂದ ಹೆಸರು ಆರ್ಸೆನಿಕ್. ನೀರು ಟೆಸ್ಟ್ ಆಗೋವರೆಗೂ ಖಚಿತ ಅಲ್ಲ, ಆದ್ರೆ ನಿಮ್ಮ ತಾಲೂಕಲ್ಲೇ ಕಿರದಳ್ಳಿ ತಾಂಡಾದಲ್ಲಿ ಇದೇ ಆಗಿದೆ. ಜಾದವಪುರ ಯೂನಿವರ್ಸಿಟಿಯ ದೀಪಂಕರ್ ಚಕ್ರವರ್ತಿ ಅವರ ತಂಡದ ಅಧ್ಯಯನ 2013ರಲ್ಲಿ ಪ್ರಕಟ ಆಯ್ತು. 59 ಕೊಳವೆಬಾವಿ ಸ್ಯಾಂಪಲ್‌ನಲ್ಲಿ 79% ಮಿತಿ ದಾಟಿತ್ತು. ಮಿತಿ ಅಂದ್ರೆ ಲೀಟರಿಗೆ 10 ಮೈಕ್ರೋಗ್ರಾಂ, ಅಲ್ಲಿ ಸಿಕ್ಕಿದ್ದು ಹೆಚ್ಚಂದ್ರೆ 303. ಪರೀಕ್ಷೆ ಮಾಡಿದ 181 ಜನರಲ್ಲಿ 58.6% ಜನಕ್ಕೆ ಚರ್ಮದ ಮೇಲೆ ಗುರುತು ಇತ್ತು. ಮೇಲ್ಮಣ್ಣಿನ 12 ಸ್ಯಾಂಪಲ್‌ನಲ್ಲಿ ಆರರಲ್ಲಿ ಕಿಲೋ ಮಣ್ಣಿಗೆ 2000 ಮಿಲಿಗ್ರಾಂ ಮೇಲೆ ಆರ್ಸೆನಿಕ್, ಗಣಿ ತ್ಯಾಜ್ಯದಿಂದ ಬಂದಿರಬಹುದು ಅಂತ ಅವರ ಅಂದಾಜು. ಹುಡುಗ್ರು ಆ ಪುಡಿ ಮಣ್ಣಲ್ಲಿ ಆಡ್ತಾರೆ ಅಂದ್ರಲ್ಲ, ಅದನ್ನ ಇವತ್ತೇ ನಿಲ್ಸಿ, ಟೆಸ್ಟ್ ರಿಪೋರ್ಟ್‌ಗೆ ಕಾಯಬೇಡಿ.

ಚಿನ್ನಕ್ಕೂ ಇದಕ್ಕೂ ಏನು ಸಂಬಂಧ ಅಂದ್ರೆ, ಚಿನ್ನ ಇರೋ ಬಂಡೆಯಲ್ಲಿ ಎಷ್ಟೋ ಕಡೆ ಆರ್ಸೆನೋಪೈರೈಟ್ ಅನ್ನೋ ಖನಿಜನೂ ಇರುತ್ತೆ, ಕಬ್ಬಿಣ, ಗಂಧಕ, ಆರ್ಸೆನಿಕ್ ಮೂರೂ ಸೇರಿರೋದು. ಬಂಡೆ ಒಳಗೆ ಸುಮ್ನೆ ಇದ್ದದ್ದನ್ನ ಮೇಲೆ ತಂದು ಪುಡಿ ಮಾಡಿ ಗಾಳಿ ಮಳೆಗೆ ಬಿಟ್ರೆ ಅದು ನಿಧಾನಕ್ಕೆ ಬಿಟ್ಕೊಳ್ಳುತ್ತೆ. ಸೈನೈಡ್ ಥರ ಇದು ಒಡೆದು ಹೋಗಲ್ಲ, ಮೂಲಧಾತು ಅದು, ಎಲ್ಲಿಗೆ ಅಂತ ಹೋಗುತ್ತೆ.

ಟಿಡಿಎಸ್ ಮೀಟರ್ ಬಗ್ಗೆ ಹೇಳಲೇಬೇಕು ಯಾಕಂದ್ರೆ ಈ ಮೀಟರ್ ಹಿಡ್ಕೊಂಡು ಊರೂರು ಸುತ್ತೋರು ಮಾಡೋ ಅನಾಹುತ ಅಷ್ಟಿಷ್ಟಲ್ಲ. ನೀರಲ್ಲಿ ಕರಗಿರೋ ಉಪ್ಪೆಲ್ಲ ಒಟ್ಟು ಎಷ್ಟು ಅಂತ ಅಂದಾಜು ಕೊಡುತ್ತೆ, ಅಷ್ಟೇ. 303 ಮೈಕ್ರೋಗ್ರಾಂ ಅಂದ್ರೆ 0.3 ಮಿಲಿಗ್ರಾಂ, ಮೀಟರ್ ತೋರಿಸಿದ 420 ಮಿಲಿಗ್ರಾಂನಲ್ಲಿ ಅದು ಯಾವ ಮೂಲೆಗೆ? ಮೀಟರ್‌ಗೂ ಕಾಣಲ್ಲ, ನಾಲಿಗೆಗೂ ಮೂಗಿಗೂ ಗೊತ್ತಾಗಲ್ಲ. ಕುದಿಸಿದ್ರೆ ನೀರು ಆವಿಯಾಗಿ ಆರ್ಸೆನಿಕ್ ಇನ್ನೂ ಗಟ್ಟಿಯಾಗುತ್ತೆ, ಕ್ಯಾಂಡಲ್ ಫಿಲ್ಟರ್ ಯುವಿ ಫಿಲ್ಟರ್ ಎರಡೂ ಇದಕ್ಕೆ ದಂಡ.

ಜಿಲ್ಲಾ ನೀರು ಪರೀಕ್ಷಾ ಲ್ಯಾಬ್‌ಗೆ ಅಥವಾ ಎನ್‌ಎಬಿಎಲ್ ಮಾನ್ಯತೆ ಇರೋ ಪ್ರೈವೇಟ್ ಲ್ಯಾಬ್‌ಗೆ ಕೊಡಿ. ಬರೀ ನೀರು ಟೆಸ್ಟ್ ಮಾಡಿ ಅಂದ್ರೆ ಪಿಎಚ್, ಗಡಸುತನ, ಫ್ಲೋರೈಡ್, ನೈಟ್ರೇಟ್ ನೋಡಿ ಕಳಿಸಿಬಿಡೋದುಂಟು, ಹಾಗಾಗಿ ಆರ್ಸೆನಿಕ್ ಅಂತ ಹೆಸರು ಹಿಡಿದು ಬರೆಸಿ, ಜೊತೆಗೆ ಸೀಸ ಮತ್ತೆ ಮ್ಯಾಂಗನೀಸ್ ಸೇರಿಸಿದ್ರೆ ಒಳ್ಳೇದು. ಪಂಪ್ ಸ್ವಲ್ಪ ಹೊತ್ತು ಓಡಿಸಿ ಆಮೇಲೆ ಹಿಡೀರಿ, ಬಾಟಲಿ ಲ್ಯಾಬ್‌ನವ್ರ ಹತ್ರಾನೇ ಇಸ್ಕೊಳ್ಳಿ, ಲೋಹದ ಟೆಸ್ಟ್‌ಗೆ ಅವ್ರು ಆಸಿಡ್ ಹಾಕಿರ್ತಾರೆ, ಇಲ್ಲಾಂದ್ರೆ ಬಾಟಲಿ ಗೋಡೆಗೇ ಅಂಟ್ಕೊಂಡು ರಿಸಲ್ಟ್ ಕಮ್ಮಿ ಬರುತ್ತೆ. ರಿಪೋರ್ಟ್‌ನಲ್ಲಿ ಬಿಡಿಎಲ್ (ಅಂದ್ರೆ ಮಷಿನ್ ಅಳೆಯೋ ಮಿತಿಗಿಂತ ಕಮ್ಮಿ) ಅಂತ ಬಂದ್ರೆ ಕುಣಿಯೋಕೆ ಮುಂಚೆ ಆ ಲ್ಯಾಬ್ ಕನಿಷ್ಠ ಎಷ್ಟು ಅಳೀಬಲ್ದು ಅಂತ ಕೇಳಿ. 0.05 ಮಿಲಿಗ್ರಾಂಗಿಂತ ಕೆಳಗೆ ಅಳೆಯೋಕೆ ಆಗದ ಮಷಿನ್‌ನಲ್ಲಿ 0.04 ಇದ್ರೂ ಬಿಡಿಎಲ್ ಅಂತಲೇ ಬರುತ್ತೆ, ಮಿತಿ ಇರೋದು 0.01, ಅಂದ್ರೆ ಮೇಲೆ ಹೇಳಿದ 10 ಮೈಕ್ರೋಗ್ರಾಂ.

ಹಟ್ಟಿ_ಕ್ಯಾಂಪ್

ನೋಡ್ರಿ, ಎಲ್ಲಾದಕ್ಕೂ ಗಣೀನ ಬೈಯೋದು ಈಗ ಫ್ಯಾಷನ್ ಆಗ್ಯದ. ನಾವು ಹಟ್ಟಿಯಾಗೇ ಹುಟ್ಟಿ ಬೆಳದೋರು, ನಮ್ ಮನಿ ಒಲಿ ಉರಿಯೋದೇ ಗಣಿ ಪಗಾರದಾಗ. ಭೂಮಿಯೊಳಗೇ ಆರ್ಸೆನಿಕ್ ಅದ ಅಂದ್ಮ್ಯಾಲೆ ಗಣಿ ಇಲ್ದಿದ್ರೂ ಬೋರು ಹೊಡುದ್ರ ಬರೂದೇ. ಪಶ್ಚಿಮ ಬಂಗಾಳದಾಗ ಯಾವ ಬಂಗಾರದ ಗಣಿ ಅದ? ಅಲ್ಲಿ ನಮಗಿಂತ ಹೆಚ್ಚು ಮಂದಿಗೆ ಆಗ್ಯದ. ಸುಮ್ ಸುಮ್ನೆ ಮಂದಿಗೆ ಹೆದರಿಕಿ ಹಾಕ್ಬ್ಯಾಡ್ರಿ.

ನೀರು_ಲ್ಯಾಬ್

ಹಟ್ಟಿ ಅಣ್ಣಾ, ನಿಮ್ಮ ಮಾತಲ್ಲಿ ಅರ್ಧ ಸರಿ. ಬಂಗಾಳದ್ದು ನದಿ ತಂದ ಹೂಳಿನಿಂದ ನೀರಿಗಿಳಿದದ್ದು, ಗಣಿ ಇಲ್ಲ ಅಲ್ಲಿ. ಕಿರದಳ್ಳಿ ಅಧ್ಯಯನದವ್ರೂ ಬಂಡೆಯ ಪಾಲು ಎಷ್ಟು, ಗಣಿಯ ಪಾಲು ಎಷ್ಟು ಅಂತ ತೀರ್ಮಾನ ಮಾಡಿಲ್ಲ, ಇನ್ನೂ ಅಧ್ಯಯನ ಬೇಕು ಅಂತಲೇ ಬರೆದಿದ್ದಾರೆ. ಆದ್ರೆ ಮನೆ ಸುತ್ತಲಿನ ಮೇಲ್ಮಣ್ಣಲ್ಲಿ 2000 ದಾಟಿದ್ದಕ್ಕೆ ಬಂಡೆ ಒಂದೇ ಕಾರಣ ಅಂದ್ರೆ ನಾನು ಒಪ್ಪಲ್ಲ, ಬಂಡೆ ತಾನಾಗೇ ಪುಡಿಯಾಗಿ ಅಂಗಳಕ್ಕೆ ಬಂದು ಕೂರಲ್ಲ. ಅಷ್ಟಕ್ಕೂ ಯಾರ ತಪ್ಪು ಅನ್ನೋದು ಕೋರ್ಟಿಗೆ ಬೇಕಾದ ಪ್ರಶ್ನೆ, ಈ ಮನೆಯವ್ರಿಗೆ ಮೊದ್ಲು ಬೇಕಿರೋದು ಬೇರೆ ನೀರು.

ಚರ್ಮದ_ಡಾಕ್ಟ್ರಮ್ಮ

ಆನ್‌ಲೈನ್‌ನಲ್ಲಿ ನೋಡಿ ಇದೇ ಅಂತ ಹೇಳಕ್ಕಾಗಲ್ಲ ಅಂತ ಮೊದ್ಲೇ ಹೇಳ್ಬಿಡ್ತೀನಿ. ಕೆಲ್ಸದಿಂದ ಆಗೋ ಗಂಟು ಸಾಮಾನ್ಯವಾಗಿ ಗುದ್ದಲಿ ಹಿಡಿ ಒತ್ತೋ ಜಾಗದಲ್ಲಿ ಬರುತ್ತೆ. ಎರಡೂ ಅಂಗೈ ಎರಡೂ ಅಂಗಾಲಲ್ಲಿ ಸಮನಾಗಿ ಕಾಳು ಕಾಳಾಗಿ ಬಂದು, ಬಿಸಿಲು ತಾಗದ ಎದೆ ಬೆನ್ನಲ್ಲಿ ಮಳೆ ಹನಿ ಬಿದ್ದ ಥರ ಚುಕ್ಕಿನೂ ಇದ್ರೆ ನಾವು ಆರ್ಸೆನಿಕ್ ಬಗ್ಗೆ ಯೋಚಿಸ್ತೀವಿ. ಒಂದೇ ಮನೇಲಿ ಇಬ್ಬರಿಗೆ ಅಂದ್ರಂತೂ ಇನ್ನೂ ಹೆಚ್ಚು. ಇದು ಕುಡಿಯಕ್ಕೆ ಶುರು ಮಾಡಿ ಎಷ್ಟೋ ವರ್ಷ ಆದ್ಮೇಲೆ ಕಾಣಿಸ್ಕೊಳ್ಳೋದು, ಹಾಗಾಗಿ ಮಕ್ಕಳ ಚರ್ಮ ಕ್ಲೀನ್ ಇದೆ ಅಂತ ನೀರು ಸರಿಯಿದೆ ಅನ್ಕೋಬೇಡಿ.

ಮೆಡಿಕಲ್ ಕಾಲೇಜಿನ ಚರ್ಮರೋಗ ವಿಭಾಗಕ್ಕೆ ಇಬ್ಬರನ್ನೂ ಕರ್ಕೊಂಡು ಹೋಗಿ, ಬೋರಿನ ನೀರು ಕುಡೀತೀವಿ, ಗಣಿ ಹತ್ರ ಮನೆ ಅಂತ ನೀವೇ ಬಾಯಿ ಬಿಟ್ಟು ಹೇಳಿ, ಯಾಕಂದ್ರೆ ಓಪಿಡಿ ರಷ್‌ನಲ್ಲಿ ಯಾರೂ ಕೇಳಲ್ಲ. ಮೂತ್ರದ ಟೆಸ್ಟ್ ಇತ್ತೀಚಿನ ಕೆಲವು ದಿನದ್ದು ಹೇಳುತ್ತೆ, ಉಗುರು ಕೂದಲು ತಿಂಗಳುಗಳದ್ದು ಹೇಳುತ್ತೆ. ಮೂತ್ರ ಕೊಡೋಕೆ ಮುಂಚೆ ಮೂರ್ನಾಲ್ಕು ದಿನ ಸಮುದ್ರದ ಮೀನು ಸಿಗಡಿ ಬೇಡ, ಅದರಲ್ಲೂ ಒಂಥರಾ ಆರ್ಸೆನಿಕ್ ಇರುತ್ತೆ, ಹಾನಿ ಇಲ್ಲ ಆದ್ರೆ ರಿಪೋರ್ಟ್ ಗೊಂದಲ ಆಗುತ್ತೆ.

ಇದಕ್ಕೆ ಜಾದೂ ಮಾತ್ರೆ ಅಂತ ಏನೂ ಇಲ್ಲ, ನೀರು ಬದಲಾಯಿಸೋದೇ ಚಿಕಿತ್ಸೆಯ ದೊಡ್ಡ ಪಾಲು. ಗಂಟಿಗೆ ಸ್ಯಾಲಿಸಿಲಿಕ್ ಆಸಿಡ್, ಯೂರಿಯಾ ಮುಲಾಮು ಕೊಡ್ತೀವಿ, ಮೆತ್ತಗಾಗುತ್ತೆ. ಯಾವುದಾದ್ರೂ ಗಂಟು ಒಡೆದು ಹುಣ್ಣಾಗಿ ಮಾಯದೇ ಇದ್ರೆ, ಬೇಗ ಬೇಗ ದೊಡ್ಡದಾದ್ರೆ, ತಡ ಮಾಡ್ಬೇಡಿ, ಚರ್ಮದ ಕ್ಯಾನ್ಸರ್ ಹೌದಾ ಅಲ್ವಾ ಅಂತ ಬಯಾಪ್ಸಿ ಮಾಡ್ಲೇಬೇಕು. ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್ ರಿಸ್ಕೂ ಇದೆ. ಕಾಕಾ ಬೀಡಿ ಸೇದ್ತಾರಾ? ಸೇದ್ತಿದ್ರೆ ಬಿಡಿಸಿ, ಎರಡೂ ಸೇರಿದ್ರೆ ತುಂಬಾ ಕೆಟ್ಟದ್ದು.

ಯೆಲ್ಲೋನೈಫ್_ಚಳಿ

ಕೆನಡಾದಿಂದ ಬರೀತಿದೀನಿ, ಹುಬ್ಬಳ್ಳಿ ಕಡೆಯವ್ನು. ಹೆದರಿಸ್ಬೇಡಿ ಅಂದ ಅಣ್ಣಾವ್ರಿಗೆ ಇಲ್ಲಿನ ಕತೆ ಸ್ವಲ್ಪ ಹೇಳ್ತೀನಿ. ಜೈಂಟ್ ಮೈನ್ ಅಂತ ಚಿನ್ನದ ಗಣಿ 1948ರಿಂದ 2004ರವರೆಗೆ ನಡೀತು, ಅದಿರು ಹುರಿಯುವಾಗ ಆರ್ಸೆನಿಕ್ ಹೊಗೆಯಾಗಿ ಹೋಗೋದು, ಶುರುವಿನ ವರ್ಷಗಳಲ್ಲಿ ನೇರ ಆಕಾಶಕ್ಕೇ. 1951ರಲ್ಲಿ ಇಲ್ಲಿನ ಮೂಲನಿವಾಸಿ ಡೆನೆ ಜನರ ಮಗು ಒಂದು ತೀರ್ಕೊಂಡ್ತು, ಹಿಮ ಕರಗಿಸಿ ಕುಡಿಯೋರು ಅವ್ರು, ಆ ಹಿಮದ ಮೇಲೇ ಅದು ಕೂತಿತ್ತು. ಆಮೇಲೆ ಆ ಪುಡಿ ಹಿಡಿದು ನೆಲದಡಿ ತುಂಬಿದ್ರು, 2,37,000 ಟನ್ ಆರ್ಸೆನಿಕ್ ಟ್ರೈಆಕ್ಸೈಡ್ ಈಗಲೂ ಅಲ್ಲೇ ಇದೆ. ನೀರಿಗೆ ಸೇರದ ಹಾಗೆ ಅದನ್ನ ನೆಲದೊಳಗೇ ಹೆಪ್ಪುಗಟ್ಟಿಸಿ ಇಡೋ ಪ್ಲಾನು, ಖರ್ಚು ಸರ್ಕಾರದ್ದು ಅಂದ್ರೆ ಟ್ಯಾಕ್ಸ್ ಕಟ್ಟೋ ನಮ್ದು. ಹೆದರ್ಕೊಂಡು ಕೇಳಿದವ್ರು ಇದ್ದಿದ್ರಿಂದ್ಲೇ ಇಷ್ಟಾದ್ರೂ ಆಗಿದೆ ಸರ್.

ಸುರಪುರ_ಹುಡುಗ

ಎಲ್ಲಾರಿಗೂ ಭಾಳ ಥ್ಯಾಂಕ್ಸ್ ರೀ. ಕಾಕಾ ಬೀಡಿ ಸೇದ್ತಾನ್ರಿ ಮೇಡಂ, ಭಾಳ ಸೇದ್ತಾನ. ಸ್ಯಾಂಪಲ್ ಕೊಡೋದಕ್ಕ ಬಾಟ್ಲಿ ಇಸ್ಕೋತೀನಿ. ಇನ್ನ ಮೂರು ಡೌಟ್ ಅವ. ಊರಾಗ ಶುದ್ಧ ನೀರಿನ ಘಟಕ ಅದ, ಕಾಯಿನ್ ಹಾಕಿದ್ರ ಬರ್ತದ, ಆರ್‌ಓ ಅಂತಾರ, ಅದು ನಡೀತದೋ? ಜಳಕಕ್ಕ, ಬಟ್ಟಿ ಒಗಿಯಾಕ ಬೋರಿನ ನೀರು ಓಕೆನಾ? ಎಮ್ಮಿ ಕುಡಿಯೋದು, ಅಡಗಿ ಮಾಡೋದು ಹ್ಯಾಂಗ?

ನೀರು_ಲ್ಯಾಬ್

ಜಳಕ, ಬಟ್ಟೆ, ಪಾತ್ರೆಗೆ ಪರವಾಗಿಲ್ಲ, ಚರ್ಮದ ಮೂಲಕ ಒಳಗೆ ಹೋಗೋದು ತುಂಬಾ ಕಮ್ಮಿ. ಅಡುಗೆಗೆ ಮಾತ್ರ ಬೇಡವೇ ಬೇಡ, ಅನ್ನ ಬೇಳೆ ನೀರನ್ನೆಲ್ಲ ಹೀರ್ಕೊಳ್ಳುತ್ತೆ, ಕುಡಿಯೋ ನೀರು ಬದಲಾಯಿಸಿ ಅಡುಗೆಗೆ ಅದೇ ಬೋರು ಬಳಸಿದ್ರೆ ಅರ್ಧ ಕೆಲ್ಸ ಮಾಡಿದ ಹಾಗೆ. ಎಮ್ಮೆಗೂ ಆದಷ್ಟು ಬೇರೆ ನೀರೇ ಕೊಡಿ.

ಆರ್‌ಓ ಬಗ್ಗೆ: ಆರ್ಸೆನಿಕ್ ನೀರಲ್ಲಿ ಎರಡು ರೂಪದಲ್ಲಿರುತ್ತೆ, ಒಂದನ್ನ ಆರ್‌ಓ ಚೆನ್ನಾಗಿ ಹಿಡಿಯುತ್ತೆ, ಆಳದ ಗಾಳಿಯಾಡದ ನೀರಲ್ಲಿ ಹೆಚ್ಚಿರೋ ಇನ್ನೊಂದು ರೂಪ ಅಷ್ಟು ಚೆನ್ನಾಗಿ ಸಿಗಲ್ಲ. ಮೆಂಬ್ರೇನ್ ಬದಲಾಯಿಸದೇ ಓಡಿಸ್ತಿದ್ರೆ ಕೇಳೋದೇ ಬೇಡ. ಘಟಕದ ನಲ್ಲಿಯಿಂದ ಬರೋ ನೀರಿಂದು ಒಂದು ಸ್ಯಾಂಪಲ್ ಬೇರೆಯಾಗಿ ಕೊಡಿ, ಅದು 0.01 ಒಳಗಿದ್ರೆ ಧಾರಾಳವಾಗಿ ಕುಡೀರಿ. ಘಟಕದ ವೇಸ್ಟ್ ನೀರು ಎಲ್ಲಿ ಬಿಡ್ತಿದ್ದಾರೆ ಅಂತಾನೂ ನೋಡ್ಕೊಳ್ಳಿ, ತೆಗೆದ ಆರ್ಸೆನಿಕ್ ಎಲ್ಲಾ ಅದರಲ್ಲೇ ಇರೋದು. ನಿಜವಾದ ಪರಿಹಾರ ಅಂದ್ರೆ ಕೃಷ್ಣಾ ನದಿ ನೀರು ಪೈಪಲ್ಲಿ ಬರೋದು, ನಾರಾಯಣಪುರ ಡ್ಯಾಮ್ ನಿಮ್ಮ ಪಕ್ಕದಲ್ಲೇ ಇದೆ. ಲ್ಯಾಬ್ ರಿಪೋರ್ಟ್ ಜೆರಾಕ್ಸ್ ಹಚ್ಚಿ ಪಿಡಿಓಗೆ ಅರ್ಜಿ ಕೊಡಿ, ಒಂದು ಕಾಪಿ ಜಿಲ್ಲಾ ಪಂಚಾಯ್ತಿ ಸಿಇಓಗೆ, ಸ್ವೀಕೃತಿ ಸೀಲ್ ಹಾಕಿಸ್ಕೊಂಡೇ ಬನ್ನಿ.

ಮತ್ತೆ ಬೋರು ಬೋರಿಗೂ ವ್ಯತ್ಯಾಸ ಇರುತ್ತೆ, ನಿಮ್ಮದರಲ್ಲಿ ಇದ್ದು ಪಕ್ಕದ ಮನೆಯದ್ದರಲ್ಲಿ ಇಲ್ದೇ ಇರಬಹುದು. ಬಾಂಗ್ಲಾದೇಶದಲ್ಲಿ ಟೆಸ್ಟ್ ಮಾಡಿ ಕೆಟ್ಟ ಬೋರಿಂಗ್‌ಗೆ ಕೆಂಪು, ಒಳ್ಳೇದಕ್ಕೆ ಹಸಿರು ಪೇಂಟ್ ಹೊಡೆದ್ರು, ಓದಕ್ಕೆ ಬರದವ್ರಿಗೂ ತಿಳಿಯುತ್ತೆ. ನಿಮ್ಮ ಓಣಿಯಲ್ಲೂ ಎಲ್ಲರೂ ಸೇರಿ ಹಾಗೆ ಮಾಡಿ.

ಸುರಪುರ_ಹುಡುಗ

ಪೇಂಟಿನ ವಿಷ್ಯ ಈಗಷ್ಟೇ ಮನ್ಯಾಗ ತೆಗದೆ ರೀ. ಕೆಂಪು ಬಣ್ಣ ಬಳುದ್ರ ಹೊಲದ ರೇಟ್ ಬೀಳ್ತದ, ಮಗಳಿಗೆ ವರ ಬರಂಗಿಲ್ಲ ಅಂತ ಕಾಕಾ ನನ್ ಮ್ಯಾಲೇ ಏರಿ ಬಂದ. ಕಾಕಿ ಮಾತ್ರ ಒಳಗಿಂದ ಕೊಡ ತಂದು ಘಟಕದ ನೀರಿಗೆ ಹೊಂಟಾಳ. ಘಟಕದ್ದೂ ಟೆಸ್ಟ್ ಆಗ್ಲಿ ತಡಿ ಅಂದ್ರೂ ಕೇಳ್ಲಿಲ್ಲ, ನಾಳೆ ಎರಡೂ ಸ್ಯಾಂಪಲ್ ತಗೊಂಡು ಯಾದಗಿರಿಗೆ ಹೋಗ್ತೀನಿ.

ಹಟ್ಟಿ_ಕ್ಯಾಂಪ್

ತಮ್ಮಾ, ಬೋರಿನ ಆಳ ಎಷ್ಟು ಫೂಟು ಅಂತ ಬರ್ಕೊಂಡು ಹೋಗು, ಲ್ಯಾಬ್‌ನಾಗ ಕೇಳ್ತಾರ. ನಮ್ ಓಣಿ ಬೋರಿಂದೂ ಈ ವಾರ ನಾನೂ ಕೊಡಸ್ತೀನಿ, ರೊಕ್ಕ ಎಷ್ಟ್ ತಗೊಂಡ್ರು ಅಂತ ಇಲ್ಲೇ ಹಾಕು.