ದಿನಾ ಕುಂದವಾಡ ಕೆರೆ ಸುತ್ತಿದ್ರೂ ನೆಲದಿಂದ ಏಳಕ್ಕೆ ಆಗ್ತಿಲ್ಲ, ಏನ್ ಮಾಡ್ಬೇಕು?

ಕೆರೆಏರಿ_62
ಎಲ್ರಿಗೂ ನಮಸ್ಕಾರ. ನನಗೀಗ 62, ದಾವಣಗೆರೆ, ವಿದ್ಯಾನಗರದ ಕಡೆ ಮನೆ. ರಿಟೈರ್ ಆದಾಗಿಂದ ಬೆಳಿಗ್ಗೆ ಐದೂವರೆಗೆ ಎದ್ದು ಕುಂದವಾಡ ಕೆರೆ ಕಡೆ ವಾಕಿಂಗ್, ಜೋರು ಮಳೆ ಬಂದ್ರೆ ಮಾತ್ರ ರಜಾ. ಫೋನಲ್ಲಿ ಏಳೆಂಟು ಸಾವಿರ ಸ್ಟೆಪ್ಸ್ ತೋರಿಸುತ್ತೆ, ಬಿಪಿಗೊಂದು ಮಾತ್ರೆ ಬಿಟ್ರೆ ಬೇರೆ ಏನಿಲ್ಲ, ನಾನು ಗಟ್ಟಿಮುಟ್ಟಾಗಿದೀನಿ ಅಂತಾನೇ ಅನ್ಕೊಂಡಿದ್ದೆ. ಹೋದ ವಾರ ನೆಂಟರ ಮನೆ ಗೃಹಪ್ರವೇಶ, ಹಳೇ ಪದ್ಧತಿ ಅಂತ ನೆಲದ ಮೇಲೇ ಪಂಕ್ತಿ ಹಾಕಿದ್ರು. ಊಟ ಏನೋ ಚೆನ್ನಾಗೇ ಆಯ್ತು ಕಣ್ರೀ, ಎಲೆ ಮುಂದಿಂದ ಏಳಕ್ಕೆ ಹೋದ್ರೆ ತೊಡೇಲಿ ಶಕ್ತಿನೇ ಇಲ್ಲ. ಬಲಗೈ ಎಂಜಲು, ನೆಲಕ್ಕೆ ಊರಂಗಿಲ್ಲ, ಎಡಗೈಗೆ ಗೋಡೆ ಸಿಗ್ತಿಲ್ಲ, ಪಕ್ಕದೋರೆಲ್ಲ ಎದ್ದು ಕೈ ತೊಳೆಯಕ್ಕೆ ಹೋದ್ರು. ಕೊನೆಗೆ ಬಡಿಸ್ತಿದ್ದ ಹುಡುಗ ಸಾರಿನ ಬಕೆಟ್ ಕೆಳಗಿಟ್ಟು ಕಂಕುಳಿಗೆ ಕೈ ಹಾಕಿ ಎಬ್ಬಿಸಿದ. ಮಗ ಜಿಮ್ಮಿಗೆ ಸೇರ್ಕೋ ಅಂತಾನೆ, ಮನೆಯವಳು ಈ ವಯಸ್ಸಲ್ಲಿ ಅದೆಲ್ಲ ಬೇಡ ಇನ್ನೊಂದು ರೌಂಡ್ ಜಾಸ್ತಿ ನಡೀರಿ ಅಂತಾಳೆ. ಯಾರ್ ಮಾತ್ ಕೇಳ್ಲಿ?

ಫಿಸಿಯೋ_ದಾವಣಗೆರೆ
ಸರ್, ಇನ್ನೊಂದು ರೌಂಡ್ ಹಾಕಿದ್ರೆ ಇನ್ನೊಂದು ರೌಂಡ್ ಹಾಕೋ ಶಕ್ತಿ ಬರುತ್ತೆ ಅಷ್ಟೇ. ಸಮತಟ್ಟು ದಾರೀಲಿ ನಡೆದ್ರೆ ಹೃದಯಕ್ಕೆ, ಬಿಪಿಗೆ, ಶುಗರ್‌ಗೆ ಒಳ್ಳೇದು, ಬಿಡಬೇಡಿ. ಆದ್ರೆ ನೆಲದಿಂದ ಮೈ ಎತ್ತೋದು ತೊಡೆ ಮುಂಭಾಗದ ಸ್ನಾಯು, ಪಿರ್ರೆ ಸ್ನಾಯು. ನಡಿಗೇಲಿ ಅವಕ್ಕೆ ಅಷ್ಟು ಭಾರ ಬೀಳಲ್ಲ, ಭಾರ ಬೀಳದೆ ಇದ್ರೆ ವಯಸ್ಸಾಗ್ತಾ ಕರಗ್ತಾ ಹೋಗ್ತವೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರೋದೂ ಇದನ್ನೇ: ವಾರಕ್ಕೆ 150ರಿಂದ 300 ನಿಮಿಷ ನಡಿಗೆ ಥರದ್ದು, ಅದ್ರ ಜೊತೆ ಕನಿಷ್ಠ 2 ದಿನ ಸ್ನಾಯುಗಳಿಗೆ ಕೆಲಸ, 65 ದಾಟಿದೋರಿಗೆ 3 ದಿನ ಬ್ಯಾಲೆನ್ಸ್ ವ್ಯಾಯಾಮನೂ ಸೇರಿಸಿ. ನಮ್ಮ ಜನ ಮೊದಲನೇದು ಮಾಡಿ ಉಳಿದ ಎರಡು ಮರೀತಾರೆ.

ಇವತ್ತೇ ಒಂದು ಕೆಲಸ ಮಾಡಿ. ಕೈ ಇಲ್ಲದ ಗಟ್ಟಿ ಕುರ್ಚಿ ಗೋಡೆಗೆ ಒತ್ತಿ ಇಡಿ (ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತೆ), ಎರಡೂ ಕೈ ಎದೆ ಮೇಲೆ ಕಟ್ಕೊಂಡು 30 ಸೆಕೆಂಡಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರ್ತೀರ ಎಣಿಸಿ. 60ರಿಂದ 64ರ ಗಂಡಸರಿಗೆ 14ಕ್ಕಿಂತ ಕಮ್ಮಿ, ಹೆಂಗಸರಿಗೆ 12ಕ್ಕಿಂತ ಕಮ್ಮಿ ಬಂದ್ರೆ ಕಾಲಿನ ಶಕ್ತಿ ಸಾಲದು ಅಂತ ಲೆಕ್ಕ. ಏಳುವಾಗ ಉಸಿರು ಬಿಗಿ ಹಿಡಿಬೇಡಿ, ಬಿಪಿ ಏರುತ್ತೆ. ಬಿಪಿ ಮಾತ್ರೆ ಬೀಟಾ ಬ್ಲಾಕರ್ (ಎದೆಬಡಿತ ನಿಧಾನ ಮಾಡೋ ಮಾತ್ರೆ) ಆಗಿದ್ರೆ ವಾಚಲ್ಲಿ ಪಲ್ಸ್ ನೋಡಿ ಮೋಸ ಹೋಗಬೇಡಿ, ಅದು ಏರೋದೇ ಕಮ್ಮಿ. ನಡಿವಾಗ ಮಾತಾಡಕ್ಕೆ ಆಗ್ಬೇಕು, ಹಾಡಕ್ಕೆ ಆಗಬಾರ್ದು, ಅದೇ ಸರಿಯಾದ ಸ್ಪೀಡು.

ದುರ್ಗದವಳು
ಅಣ್ಣಾ, ನಾನು ಚಿತ್ರದುರ್ಗದೋಳು, 67. ವಾರಕ್ಕೆ ಮೂರು ದಿನ ಬೆಳಿಗ್ಗೆ ಕೋಟೆ ಹತ್ತಿ ಏಕನಾಥೇಶ್ವರಿಗೆ ಕೈ ಮುಗಿದು ಬರ್ತೀನಿ. ಹತ್ತೋದು ಬರೀ ಏದುಸಿರು, ನಿಂತ್ಕೊಂಡು ಗೋಪಾಲಸ್ವಾಮಿ ಹೊಂಡ ನೋಡಿದ್ರೆ ಹೋಯ್ತು. ಇಳಿಯೋದೈತಲ್ಲ ಅದೇ ಪರೀಕ್ಷೆ. ಮೊದಲು ಇಳಿವಾಗ ಮೊಣಕಾಲು ಚಟಪಟ ಅಂತಿತ್ತು, ಕೋಟೆನೇ ಬಿಟ್ಟು ಆರು ತಿಂಗಳು ಮನೇಲಿ ಕೂತೆ, ಕೂತು ಇನ್ನೂ ಹಾಳಾಯ್ತು. ಆಮೇಲೆ ಒಬ್ರು ಹೇಳ್ಕೊಟ್ರು, ಮನೆ ಮುಂದಿನ ಒಂದೇ ಒಂದು ಮೆಟ್ಲು, ಕಂಬ ಹಿಡ್ಕೊಂಡು ಹತ್ತಿ ನಿಧಾನಕ್ಕೆ ಇಳೀಬೇಕು, ದಪ್ಪಂತ ಕಾಲು ಬಿಡಂಗಿಲ್ಲ. ಮೂರು ತಿಂಗಳು ಹಂಗೇ ಮಾಡಿ ವಾಪಸ್ ಕೋಟೆಗೆ ಹೋದೆ. ಈಗ್ಲೂ ಮಳೆ ಬಿದ್ದ ದಿನ ಹೋಗಲ್ಲ ಬಿಡ್ರಿ, ಆ ಬಂಡೆ ಜಾರಿದ್ರೆ ವ್ಯಾಯಾಮನೂ ಇಲ್ಲ ಏನೂ ಇಲ್ಲ.

ಹಳೇಪೈಲ್ವಾನ್
ಜಿಮ್ ಏನು ಹೊಸದಾ ನಮ್ಮೂರಿಗೆ? ದಾವಣಗೇರಿಲಿ ಓಣಿ ಓಣಿಗೆ ಗರಡಿ ಇದ್ದ ಕಾಲ ನೋಡಿದೋನು ನಾನು, ಹುಡುಗ್ರಿದ್ದಾಗ ಕೆಮ್ಮಣ್ಣು ಮೈಗೆ ಹಚ್ಕೊಂಡು ದಿನಾ ಇನ್ನೂರು ಬಸ್ಕಿ ಹೊಡೀತಿದ್ವಿ. ಆದ್ರೆ ಒಂದು ಮಾತು, ಆ ಸೊಕ್ಕಲ್ಲಿ ಹೋಗಬೇಡ್ರಿ. 59ಕ್ಕೆ ನಾನು ಮೂವತ್ತು ವರ್ಷ ಬಿಟ್ಟಿದ್ದನ್ನ ಒಂದೇ ಸಲ ಶುರು ಮಾಡ್ತೀನಿ ಅಂತ ಐವತ್ತು ಬಸ್ಕಿ ಹೊಡ್ದೆ, ಅವತ್ತು ಏನೂ ಅನ್ನಿಸ್ಲಿಲ್ಲ, ಮಾರನೇ ದಿನ ಕಮೋಡ್ ಮೇಲೆ ಕೂರಕ್ಕೂ ಆಗ್ಲಿಲ್ಲ, ಕೂತ ಮೇಲೆ ಏಳಕ್ಕೂ ಆಗ್ಲಿಲ್ಲ, ಮೊಮ್ಮಗ ಹೊರಗಿಂದ ತಾತಾ ಬಾಗಿಲು ತೆಗಿ ಅಂತಾನೆ. ಹತ್ತರಿಂದ ಶುರು ಮಾಡ್ರಿ, ಕಿಟಕಿ ಸರಳು ಹಿಡ್ಕೊಂಡು ಅರ್ಧ ಬಸ್ಕಿ, ಒಂದಿನ ಬಿಟ್ಟು ಒಂದಿನ.

ಮಿರ್ಚಿಮಂಡಕ್ಕಿ
ವಾಕಿಂಗ್ ಮುಗಿಸಿ ಬೆಣ್ಣೆ ದೋಸೆ ತಿನ್ನೋ ಗ್ಯಾಂಗ್ ನಂದು, ಯಾರೂ ಬೈಬೇಡಿ 😀 ಫೌಜಾ ಸಿಂಗ್ 2011ರಲ್ಲಿ ನೂರನೇ ವಯಸ್ಸಿಗೆ ಟೊರಾಂಟೊ ಮ್ಯಾರಥಾನ್ ಮುಗಿಸಿದ್ರು ಅಂತ ನನ್ನ ಮಗ ಆ ವಿಡಿಯೋ ನೂರು ಸಲ ಕಳಿಸಿದಾನೆ, ನಂಗೆ 42 ಕಿಲೋಮೀಟರ್ ಬೇಡಪ್ಪ, ಎಲೆ ಮುಂದಿಂದ ಎದ್ರೆ ಸಾಕು. ಡಾಕ್ಟ್ರೇ, ದೋಸೆ ಬಿಡ್ಬೇಕಾ?

ಫಿಸಿಯೋ_ದಾವಣಗೆರೆ
ನಾನು ಡಾಕ್ಟ್ರಲ್ಲ ಸಾರ್, ಫಿಸಿಯೋ. ದಿನಾ ಬೇಡ, ಭಾನುವಾರಕ್ಕಿರ್ಲಿ. ಸ್ನಾಯುಗೆ ಪ್ರೋಟೀನ್ ಬೇಕು, ಮೊಳಕೆ ಹೆಸರುಕಾಳು, ಶೇಂಗಾ, ಮೊಸರು, ತಿನ್ನೋರಾದ್ರೆ ಮೊಟ್ಟೆ. ಕಿಡ್ನಿ ತೊಂದ್ರೆ ಇದ್ದೋರು ಕೇಳ್ಕೊಂಡೇ ತಿನ್ನಿ.

ಕೆರೆಏರಿ_62
ಎಲ್ರಿಗೂ ಥ್ಯಾಂಕ್ಸ್. ಕುರ್ಚಿ ಪರೀಕ್ಷೆ ಮಾಡ್ದೆ, 9. ಹತ್ತನೇದಕ್ಕೆ ಅರ್ಧ ಎದ್ದು ದೊಪ್ಪಂತ ಕೂತೆ, ಅದನ್ನ ಲೆಕ್ಕಕ್ಕೆ ಹಿಡೀಬೇಡಿ. ನಾಳೆಯಿಂದ ಕಿಟಕಿ ಸರಳು ಹಿಡ್ಕೊಂಡು ಹತ್ತು, ಮೆಟ್ಲು ಇಳಿಯೋದೂ ಶುರು ಮಾಡ್ತೀನಿ. ಸ್ಟಾಪ್‌ವಾಚ್ ಹಿಡ್ಕೊಂಡು ನಿಂತಿದ್ದ ಮನೆಯವಳಿಗೆ 60, ಒಂದಿನಾನೂ ವಾಕಿಂಗ್ ಬಂದೋಳಲ್ಲ, ನೆಲದ ಮೇಲೆ ಕೂತೇ ರೊಟ್ಟಿ ತಟ್ಟೋದು, ಒಲೆ ಹತ್ರ ಬಾಗಿಲ ಹತ್ರ ಅಂತ ಹತ್ತು ಸಲ ಎದ್ದು ಕೂರೋದು. ನೀನೂ ಮಾಡು ನೋಡಣ ಅಂದೆ. 17 ಮಾಡಿ, ಒಲೆ ಮೇಲೆ ಹಾಲಿಟ್ಟಿದೀನಿ ಅಂತ ಎದ್ದು ಹೋದ್ಲು.