ಸಹಾಯ ಬೇಕು: ಸಭೆಯೊಳಗಿನ (ಚರ್ಚಿನೊಳಗಿನ) ಮನಸ್ತಾಪ ಬಗೆಹರಿಸುವ ಕ್ರಮ ಬರೆಯಲು

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ವಿಶ್ವಾಸಿಗಳ ನಡುವಿನ ಮನಸ್ತಾಪಕ್ಕೆ ಒಂದು ಪುಟದ ಮಾರ್ಗಸೂಚಿ ಸಿದ್ಧಪಡಿಸುತ್ತಿದ್ದೇವೆ. ಆಧಾರ ಬೈಬಲಿನ ಮತ್ತಾಯ 18:15-17: ಮೊದಲು ಇಬ್ಬರೇ ಮಾತಾಡುವುದು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದೊಯ್ಯುವುದು, ಆಮೇಲೆ ಸಭೆಗೆ ತಿಳಿಸುವುದು.

ಕೆಡುವುದು ಬಹುತೇಕ ಮೊದಲ ಹೆಜ್ಜೆಯಲ್ಲೇ. ನೊಂದವರು ತಪ್ಪು ಮಾಡಿದವರ ಬಳಿ ಹೋಗುವ ಮುಂಚೆ ನಾಲ್ಕು ಜನರಿಗೆ ‘ಪ್ರಾರ್ಥನೆ ಮಾಡಿ’ ಎಂದು ಹೇಳಿರುತ್ತಾರೆ. ಅದು ಪ್ರಾರ್ಥನಾ ವಿನಂತಿಯ ವೇಷದ ಚಾಡಿಯೇ ಸರಿ. ವಾಟ್ಸಾಪ್‌ನಲ್ಲಿ ಬರೆದರಂತೂ ದನಿಯ ಮೆದುತನ ಕಾಣದು, ಸ್ಕ್ರೀನ್‌ಶಾಟ್ ಮಾತ್ರ ಉಳಿಯುತ್ತದೆ. ಹಾಗಾಗಿ ಮುಖಾಮುಖಿ ಭೇಟಿ, ಒಂದೇ ಘಟನೆಯ ಮಾತು, ‘ನೀವು ಯಾವಾಗಲೂ ಹೀಗೇ’ ಎಂಬುದಕ್ಕೆ ತಡೆ ಎಂದು ಬರೆದಿದ್ದೇವೆ. ಜೊತೆಗೆ ಹೋಗುವವರು ನೊಂದವರ ಆಪ್ತರಾಗಿರಬಾರದು. ಇಲ್ಲವಾದರೆ ಸಾಕ್ಷಿಗಳ ಬದಲು ಪಕ್ಷ ಕಟ್ಟಿದಂತಾಗುತ್ತದೆ.

ಹಲ್ಲೆ, ಲೈಂಗಿಕ ದೌರ್ಜನ್ಯ, ಮಕ್ಕಳಿಗೆ ಹಾನಿ ಈ ಕ್ರಮಕ್ಕೆ ಸೇರುವುದಿಲ್ಲ. ನೊಂದವರನ್ನು ಒಬ್ಬರನ್ನೇ ತಪ್ಪು ಮಾಡಿದವರ ಬಳಿ ಕಳಿಸದೆ ನೇರ ಪೊಲೀಸರಿಗೆ ತಿಳಿಸಬೇಕು. ಇದರಲ್ಲಿ ಚರ್ಚೆಯಿಲ್ಲ.

ಸಿಕ್ಕಿಕೊಂಡಿರುವುದು ಇಲ್ಲಿ. ದೂರು ಸಭಾಪಾಲಕರ (ಪಾಸ್ಟರ್) ಮೇಲೆಯೇ ಇದ್ದರೆ? 1 ತಿಮೊಥೆಯ 5:19 ಇಬ್ಬರು ಮೂವರು ಸಾಕ್ಷಿಗಳನ್ನು ಕೇಳುತ್ತದೆ, ಆದರೆ ವಿಚಾರಣೆ ನಡೆಸುವವರು ಯಾರು? ಹೊರಗಿನ ಹಿರಿಯರನ್ನು ಕರೆಸುವ ಸಭೆಗಳು ಅವರನ್ನು ಹೇಗೆ ಆರಿಸುತ್ತವೆ? ಇನ್ನೊಂದು: ಕ್ಷಮಿಸಿದ ಮೇಲೂ ತಪ್ಪು ಮಾಡಿದವರ ಮೇಲಿನ ನಂಬಿಕೆ ಮರಳಲು ಸಮಯ ಬೇಕು. ಅವರಿಗಿದ್ದ ಹಣ ಲೆಕ್ಕ ನೋಡುವ ಹೊಣೆಯನ್ನು ಅಷ್ಟು ಕಾಲ ತಡೆಹಿಡಿಯುವುದನ್ನು ಶಿಕ್ಷೆ ಅನ್ನಿಸದಂತೆ ಯಾವ ಮಾತಿನಲ್ಲಿ ಬರೆಯುವುದು?

ನಿಮ್ಮ ಸಭೆಯ ನಿಯಮಾವಳಿಯಲ್ಲಿ ಇಂಥ ಕಲಮುಗಳಿದ್ದರೆ, ಹೆಸರುಗಳನ್ನು ತೆಗೆದು, ದಯವಿಟ್ಟು ಹಂಚಿಕೊಳ್ಳಿ.