ಬೆಲ್ಲದ ಪುಡಿ ಪೌಚ್‌ನ ಸೀಲ್ ನೋಡಲು ಕ್ಯಾಮೆರಾ ಆಗುತ್ತದಾ?

ಮದ್ದೂರು ಬೆಲ್ಲ:
ನಮಸ್ಕಾರ. ಮದ್ದೂರಿನ ಹತ್ತಿರ ನಮ್ಮದು ಬೆಲ್ಲದ ಪುಡಿ ಪ್ಯಾಕಿಂಗ್ ಘಟಕ. ಅರ್ಧ ಕೆಜಿಯ ಪಾರದರ್ಶಕ ಪೌಚ್. ತುಂಬುವಾಗ ಪುಡಿ ಹಾರಿ ಸೀಲ್ ಬೀಳುವ ಜಾಗಕ್ಕೆ ಅಂಟುತ್ತದೆ. ಅದರ ಮೇಲೇ ಸೀಲ್ ಆದರೆ ಸಂದು ಉಳಿಯುತ್ತದೆ, ಮಳೆಗಾಲದಲ್ಲಿ ತೇವ ಹೋಗಿ ಪುಡಿ ಗಟ್ಟಿಯಾಗಿ ಅಂಗಡಿಯಿಂದ ವಾಪಸ್ ಬರುತ್ತದೆ. ಈಗ ಇಬ್ಬರು ಹೆಂಗಸರು ಬೆಲ್ಟ್ ಪಕ್ಕ ಕೂತು ಕಣ್ಣಲ್ಲೇ ನೋಡುತ್ತಾರೆ. ಮಧ್ಯಾಹ್ನದ ಮೇಲೆ ಯಾರ ಕಣ್ಣಾದರೂ ಸೋಲುತ್ತದೆ, ಅಲ್ವಾ? ಡೀಲರ್ ಒಬ್ಬರು 50 ಲಕ್ಷ ಪಿಕ್ಸೆಲ್ ಕ್ಯಾಮೆರಾನೇ ಬೇಕು ಅನ್ನುತ್ತಿದ್ದಾರೆ. ನಿಜವಾಗಲೂ ಅಷ್ಟು ಬೇಕಾ?

ಹೆಬ್ಬಾಳ ಮೇಂಟೆನೆನ್ಸ್:
ಸರ್, ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಇದೇ ನನ್ನ ಕೆಲಸ. ಪಿಕ್ಸೆಲ್ ಆಮೇಲೆ, ಮೊದಲು ಬೆಳಕು. ಮೇಲಿಂದ ಲೈಟ್ ಬಿಟ್ಟರೆ ಪ್ಲಾಸ್ಟಿಕ್ ಹೊಳೆದು ಏನೂ ಕಾಣಲ್ಲ. ಎರಡು ಬೆಲ್ಟ್ ಮಧ್ಯೆ ಸಣ್ಣ ಸಂದು ಮಾಡಿ, ಕೆಳಗಿನಿಂದ ಬೆಳಕು ಕೊಡಿ. ಸೀಲ್ ಬೆಳ್ಳಗೆ, ಪುಡಿ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ನೀಲಿ ಲೈಟ್ ಹಾಕಿ, ಕಪ್ಪು-ಬಿಳುಪು ಕ್ಯಾಮೆರಾ ಇಡಿ. ಬೆಲ್ಲದ ಕಂದು ಬಣ್ಣ ನೀಲಿಯನ್ನು ಹೀರುತ್ತದೆ, ಹಾಗಾಗಿ ಕಣ ಎದ್ದು ಕಾಣುತ್ತದೆ. ಕೆಂಪು ಲೈಟ್‌ನಲ್ಲಿ ಅದೇ ಕಣ ಮಸುಕಾಗಿಬಿಡುತ್ತದೆ.

ಈಗ ಲೆಕ್ಕ. ಕ್ಯಾಮೆರಾ 200 ಮಿ.ಮೀ. ಅಗಲ ನೋಡಬೇಕು ಅಂದುಕೊಳ್ಳಿ. 1280 ಪಿಕ್ಸೆಲ್ ಅಗಲದ, ಅಂದರೆ ಒಟ್ಟು 13 ಲಕ್ಷ ಪಿಕ್ಸೆಲ್‌ನ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್‌ಗೆ 0.16 ಮಿ.ಮೀ. ಬರುತ್ತದೆ. ಅರ್ಧ ಮಿ.ಮೀ. ಕಣ ಮೂರು ಪಿಕ್ಸೆಲ್ ಹಿಡಿಯುತ್ತದೆ. ಬೆಳಕು ಸರಿಯಿದ್ದರೆ ಅಷ್ಟು ಸಾಕು. ಅದಕ್ಕಿಂತ ಸಣ್ಣ ಕಣ ಹಿಡಿಯಬೇಕು ಅಂದರೆ ಮಾತ್ರ ಡೀಲರ್ ಮಾತು ಕೇಳಿ.

ಬೆಲ್ಟ್ ಸೆಕೆಂಡಿಗೆ 200 ಮಿ.ಮೀ. ಓಡಿದರೆ, 1 ಮಿಲಿಸೆಕೆಂಡ್ ಎಕ್ಸ್‌ಪೋಶರ್‌ನಲ್ಲಿ (ಒಂದು ಚಿತ್ರಕ್ಕೆ ಕ್ಯಾಮೆರಾ ಬೆಳಕು ತಗೊಳ್ಳುವ ಸಮಯ) ಪೌಚ್ 0.2 ಮಿ.ಮೀ. ಸರಿದುಬಿಡುತ್ತದೆ, ಚಿತ್ರ ಕಲಸುತ್ತದೆ. ಅರ್ಧ ಮಿಲಿಸೆಕೆಂಡಿಗೆ ಇಳಿಸಿ, ಅದಕ್ಕೆ ತಕ್ಕ ಹಾಗೆ ಲೈಟ್ ಜಾಸ್ತಿ ಮಾಡಿ. ಗ್ಲೋಬಲ್ ಶಟರ್, ಅಂದರೆ ಇಡೀ ಚಿತ್ರವನ್ನು ಒಂದೇ ಕ್ಷಣಕ್ಕೆ ಹಿಡಿಯುವ ಕ್ಯಾಮೆರಾನೇ ಕೇಳಿ. ಚಾವಣಿ ಶೀಟ್ ಸಂದಿನಿಂದ ಬಿಸಿಲು ಬೀಳುತ್ತದಾ ನೋಡಿ. ಬಿದ್ದರೆ ಬೆಳಿಗ್ಗೆ ಒಂದು ಫಲಿತಾಂಶ, ಮಧ್ಯಾಹ್ನ ಇನ್ನೊಂದು. ಸುತ್ತ ಕಪ್ಪು ಪೆಟ್ಟಿಗೆ ಕಟ್ಟಿಸಿ.

ನಂಜನಗೂಡು ಕ್ವಾಲಿಟಿ:
ಮೇಲಿನ ಮಾತು ಪೂರ್ತಿ ಸರಿ. ಆದರೆ ಕ್ಯಾಮೆರಾ ನೋಡುವುದು ಮೇಲ್ನೋಟ ಮಾತ್ರ. ಶಾಖ ಕಡಿಮೆಯಾಗಿ ಸೀಲ್ ಹಿಡಿಯದೇ ಇದ್ದರೂ ಚಿತ್ರದಲ್ಲಿ ಚೆನ್ನಾಗೇ ಕಾಣಬಹುದು. ಅದಕ್ಕೆ ಆಗಾಗ ಕೆಲವು ಪೌಚ್ ತೆಗೆದು ನೀರಿನ ವ್ಯಾಕ್ಯೂಮ್ ಟೆಸ್ಟ್ ಮಾಡಿ, ಅಂದರೆ ಮುಚ್ಚಿದ ಪಾತ್ರೆಯಲ್ಲಿ ಪೌಚ್ ನೀರಲ್ಲಿ ಮುಳುಗಿಸಿ ಮೇಲಿನ ಗಾಳಿ ಎಳೆಯುವುದು. ಸಂದು ಇದ್ದರೆ ಗುಳ್ಳೆ ಬರುತ್ತದೆ. ಇನ್ನೊಂದು, ಆ ಇಬ್ಬರು ಹೆಂಗಸರನ್ನು ಕಳಿಸಬೇಡಿ. ಯಾವುದು ಕೆಟ್ಟದ್ದು ಅಂತ ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಒಳ್ಳೆಯದು, ಕೆಟ್ಟದ್ದು, ಅನುಮಾನದ್ದು ಅಂತ ಅವರ ಕೈಯಲ್ಲೇ ಬೇರೆ ಮಾಡಿಸಿ ಇಟ್ಟುಕೊಳ್ಳಿ. ಡೀಲರ್ ಡೆಮೊಗೆ ಬಂದಾಗ ಆ ಪೌಚ್‌ಗಳನ್ನೇ ಓಡಿಸಿ. ಅವರು ತರುವ ಸ್ಯಾಂಪಲ್ ಬೇಡ.

ಮದ್ದೂರು ಬೆಲ್ಲ:
ಇಬ್ಬರಿಗೂ ಧನ್ಯವಾದ. ನಾಳೆಯಿಂದಲೇ ಬೇರೆ ಮಾಡಿಸುತ್ತೇನೆ. ಒಂದು ಅನುಮಾನ: ನಮ್ಮ ಸೀಲ್ ಮೇಲೆ ಗೆರೆ ಗೆರೆ ಇದೆ. ಅದೂ ಕಪ್ಪಾಗಿ ಕಾಣಲ್ವಾ?

ಹೆಬ್ಬಾಳ ಮೇಂಟೆನೆನ್ಸ್:
ಲೈಟ್ ದೂರ ಇದ್ದರೆ ಕಾಣುತ್ತದೆ. ಅಗಲವಾದ, ಹಾಲುಬಿಳಿ ಶೀಟ್ ಹೊದಿಸಿದ ಪ್ಯಾನೆಲ್ ತಗೊಂಡು ಪೌಚ್‌ಗೆ ಆದಷ್ಟು ಹತ್ತಿರ ಇಡಿ. ಬೆಳಕು ಎಲ್ಲಾ ಕಡೆಯಿಂದ ಬರುವುದರಿಂದ ಗೆರೆ ತೆಳುವಾಗುತ್ತದೆ, ಕಣ ಮಾತ್ರ ಕಪ್ಪಾಗೇ ಉಳಿಯುತ್ತದೆ. ಪ್ಯಾನೆಲ್ ಮೇಲೆ ಪುಡಿ ಉದುರಿ ಅಂಟುತ್ತದೆ, ಅದನ್ನು ಒದ್ದೆ ಬಟ್ಟೆಯಲ್ಲಿ ಪ್ರತಿ ಶಿಫ್ಟ್‌ಗೂ ಒರೆಸಲೇಬೇಕು. ಇಲ್ಲದಿದ್ದರೆ ಒಳ್ಳೆ ಪೌಚ್‌ಗಳೆಲ್ಲ ರಿಜೆಕ್ಟ್ ಆಗುತ್ತವೆ.